ನಡುಮನೆಯ ಆಕಾಶ

ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ದೊಡ್ಡ ಮಗ ಬೇಕರಿಯ ಒಲೆಯ ಮುಂದೆ ಇರುಳಿಡೀ ದುಡಿದು, ಬೆಳಕು ಹರಿದ ಮೇಲೆ ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದು, ಸ್ನಾನ ಮಾಡಿ, ದಪ್ಪ ಪರದೆ ಎಳೆದುಕೊಂಡು ಮಲಗುತ್ತಿದ್ದ. ಅವನು ಏಳುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಹೀಗಾಗಿ ಪಾತ್ರೆ ತೊಳೆಯುವವರು ಪಾತ್ರೆಗೆ ಪಾತ್ರೆ ತಾಗದಂತೆ ತೊಳೆಯುತ್ತಿದ್ದರು. ಜಗಳವಾಡುವವರು ಅಡುಗೆಮನೆಯ ಬಾಗಿಲು ಹಾಕಿಕೊಂಡು ಪಿಸುದನಿಯಲ್ಲೇ ಜಗಳವಾಡುತ್ತಿದ್ದರು. ಹೊಸದಾಗಿ ಬಂದವರಿಗೆ ಇದು ಯಾರೋ ಕಾಯಿಲೆ ಬಿದ್ದ ಮನೆಯಂತೆ ಕಾಣುತ್ತಿತ್ತು. ಮನೆಯವರಿಗೆ ಅದೇ ರೂಢಿ.

ನಡುಮನೆಯ ಕಿಟಕಿಯ ಪಕ್ಕದಲ್ಲಿ ಸೊಸೆಯ ಮೇಜು, ಮೇಜಿನ ಮೇಲೆ ಅವಳ ಕಂಪ್ಯೂಟರ್. ಅವಳು ಮಕ್ಕಳ ಕಾರ್ಟೂನುಗಳಿಗೆ ಆಕಾಶ ಬರೆಯುತ್ತಿದ್ದಳು. ಹಕ್ಕಿ, ಮನುಷ್ಯ, ಮನೆ ಇವನ್ನೆಲ್ಲ ಬರೆಯುವವರು ಬೇರೆ ಇದ್ದರು. ಇವಳದು ಅವರೆಲ್ಲರ ಹಿಂದೆ ಇರುವ ಬಣ್ಣ ಮಾತ್ರ. ಕೆಲಸ ಏನೆಂದು ಯಾರಾದರೂ ಕೇಳಿದರೆ ಅಜ್ಜಿ, ಅಂದರೆ ಅವಳ ಅತ್ತೆ, "ನಮ್ಮ ಸೊಸೆ ಮೋಡ ಮಾಡ್ತಾಳೆ" ಎಂದುಬಿಡುತ್ತಿದ್ದಳು. ಆ ವರ್ಷ ಹಿಂಡಿನಿಂದ ತಪ್ಪಿಸಿಕೊಂಡ ಒಂದು ಬಾತುಕೋಳಿಯ ಕತೆ ನಡೆದಿತ್ತು. ವಾರಕ್ಕೊಂದು ಕಂತು, ಕಂತಿಗೊಂದು ಆಕಾಶ. ಕೊನೆಯ ಕಂತಿನಲ್ಲಿ ಬಾತುಕೋಳಿ ನಸುಕಿನಿಂದ ಮುಸ್ಸಂಜೆಯವರೆಗೆ ಎಲ್ಲೂ ಇಳಿಯದೆ ಹಾರಿ ತನ್ನ ಹಿಂಡನ್ನು ಸೇರಬೇಕಿತ್ತು. ಅದಕ್ಕೆ ಒಂದೇ ಉದ್ದನೆಯ ಚಿತ್ರ ಬೇಕು, ಬೆಳಗು ಯಾವಾಗ ಮಧ್ಯಾಹ್ನವಾಯಿತೆಂದು ನೋಡುವವರಿಗೆ ಗೊತ್ತೇ ಆಗಬಾರದು ಎಂದು ಸ್ಟುಡಿಯೋದ ಮುಖ್ಯಸ್ಥೆ ಹೇಳಿದ್ದಳು. ಅದು ಮುಖ್ಯಸ್ಥೆಯ ಮನಸ್ಸಿಗೆ ಬಂದರೆ ಮುಂದಿನ ಕತೆಯ ಆಕಾಶವೆಲ್ಲ ಇವಳದೇ. ಬಾರದಿದ್ದರೆ ಕಾದು ಕುಳಿತವರು ಬೇರೆ ಇದ್ದರು.

ಆ ಮನೆಗೆ ಆಗ ಆ ಕೆಲಸ ಬೇಕಿತ್ತು. ಚಿಕ್ಕ ಮಗ ಹಾಸಿಗೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ನಡೆಸುತ್ತಿದ್ದವನು. ಕಾರ್ಖಾನೆಯವರು ಯಂತ್ರಗಳನ್ನೆಲ್ಲ ದೂರದ ಇನ್ನೊಂದು ಊರಿಗೆ ಸಾಗಿಸಿ, ಆಳುಗಳನ್ನು ಇಲ್ಲೇ ಬಿಟ್ಟಿದ್ದರು. ಅಂದಿನಿಂದ ಅವನ ಊಟ ಕಡಿಮೆಯಾಗಿತ್ತು. ಎಲ್ಲರೂ ಎದ್ದ ಮೇಲೆ ಕೂರುವುದು, ಎರಡನೇ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುವುದು. ಇದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ದಿನ ಸೊಸೆ ಆಲೂಗಡ್ಡೆ ಹೆಚ್ಚುತ್ತ, ಆ ಅಗಲದ ಆಕಾಶ ತೆರೆದರೆ ಸಾಕು ಕಂಪ್ಯೂಟರ್ ಏದುಸಿರು ಬಿಡುತ್ತದೆ, ಅದರೊಳಗೆ ಜಾಗ ಸಾಲುತ್ತಿಲ್ಲವೇನೋ ಎಂದಳು. ಯಾರಿಗೂ ಹೇಳಿದ ಮಾತಲ್ಲ ಅದು. ಚಿಕ್ಕವನು ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದ.

ಮುಂದಿನ ವಾರ ಅವನು ಸಣ್ಣದೊಂದು ಪೊಟ್ಟಣ ತಂದ. ಒಳಗೆ ಗೇಣುದ್ದವೂ ಇಲ್ಲದ ಹಸಿರು ಪಟ್ಟಿ, ಅದರ ಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲು. ಹೆಚ್ಚುವರಿ ಮೆಮೊರಿ ಎಂದ. ಈಗಿರುವುದಕ್ಕಿಂತ ದೊಡ್ಡದು, ಕಾರ್ಖಾನೆಯವರು ಕೊನೆಗೆ ಕೊಟ್ಟ ದುಡ್ಡಿನಲ್ಲಿ ತಂದದ್ದು ಎಂದೂ ಸೇರಿಸಿದ. ಸಂಜೆ ದೊಡ್ಡವನು ಎದ್ದ ಮೇಲೆ ಊಟದ ಮೇಜಿನ ತಟ್ಟೆಗಳನ್ನು ಸರಿಸಿ ಕಂಪ್ಯೂಟರನ್ನು ಅಡ್ಡ ಮಲಗಿಸಿದರು. ಚಿಕ್ಕವನು ತಿರುಪು ಬಿಚ್ಚಿ, ಒಳಗಿನ ಧೂಳು ಊದಿದ. ಅಜ್ಜಿ ಕೆಮ್ಮಿದಳು. ಅಣ್ಣನ ಮಗಳು ಮೂಗು ತೂರಿಸಿದಳು. ಚುಚ್ಚಿ ಚುಚ್ಚಿ ಪ್ರಶ್ನೆ ಕೇಳುತ್ತಾಳೆಂದು ಅವಳಿಗೆ 'ಸೂಜಿ' ಎಂದು ಹೆಸರಿಟ್ಟವನು ಈ ಚಿಕ್ಕಪ್ಪನೇ.

"ಮೆಮೊರಿ ಜಾಸ್ತಿ ಆದ್ರೆ ಇದಕ್ಕೆ ಹಳೇದೆಲ್ಲ ನೆನಪಾಗುತ್ತಾ ಚಿಕ್ಕಪ್ಪ?"

"ಇದು ಆ ಥರದ ಮೆಮೊರಿ ಅಲ್ಲ ಕಂದಾ. ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳೋಕೆ ಮೇಜು ಬೇಕಲ್ಲ, ಅಂಥದ್ದು. ಇಷ್ಟು ದಿನ ನಿಮ್ಮಮ್ಮ ಸ್ಟೂಲಿನ ಮೇಲೆ ಆಕಾಶ ಹರಡ್ತಿದ್ಲು."

ಹಳೆಯ ಪಟ್ಟಿಯನ್ನು ಒಮ್ಮೆ ಎತ್ತಿ, ಒರೆಸಿ, ಮತ್ತೆ ಅದರ ಜಾಗದಲ್ಲೇ ಕೂರಿಸಿದ. ಹೊಸದನ್ನು ಪಕ್ಕದ ಸ್ಲಾಟಿನಲ್ಲಿ ಒತ್ತಿದಾಗ ಎರಡೂ ಕಡೆಯ ಕೊಕ್ಕೆ ಟಕ್ಕೆಂದವು. ಕಂಪ್ಯೂಟರ್ ಎದ್ದಿತು. ಅಗಲದ ಚಿತ್ರ ಸಲೀಸಾಗಿ ತೆರೆದುಕೊಂಡಿತು. ಅಂದು ಚಿಕ್ಕವನು ಎಲ್ಲರ ಜೊತೆಗೇ ಊಟಕ್ಕೆ ಕೂತ. ಅಜ್ಜಿ ಬಡಿಸಿದ್ದಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಇನ್ನೊಂದು ಮೊಟ್ಟೆ ಇದೆಯಾ ಎಂದು ಕೂಡ ಕೇಳಿದ. ಸೊಸೆ ತನ್ನ ಪಾಲಿನದನ್ನು ಅವನ ತಟ್ಟೆಗೆ ಹಾಕಿ, ಒಲೆಯ ಮೇಲೆ ಇನ್ನೂ ಇದೆ ಎಂದು ಸುಳ್ಳು ಹೇಳಿದಳು.

ಮಾರನೆಯ ದಿನ ಮಧ್ಯಾಹ್ನ ಅವಳು ನಸುಕನ್ನು ಬರೆಯುತ್ತಿದ್ದಳು. ಬೂದಿಯ ಅಡಿಯಲ್ಲಿ ಕೆಂಡವಿರುವಂತಹ ಒಂದು ಬಣ್ಣ ಅವಳಿಗೆ ಬೇಕಿತ್ತು. ಬಹಳ ಹೊತ್ತು ಹುಡುಕಿದ ಮೇಲೆ ಅದು ಸಿಕ್ಕಿತು. ಸಿಕ್ಕಿ, ತೆರೆಯ ಮೇಲೆ ಹರಡಿ, ಅವಳು ಉಸಿರು ಬಿಡುವಷ್ಟರಲ್ಲಿ ಎಲ್ಲವೂ ಮಾಯವಾಗಿ ಅಂಚಿನಿಂದ ಅಂಚಿಗೆ ಒಂದೇ ನೀಲಿ ಬಂತು. ನಡುವೆ ಬಿಳಿಯ ಅಕ್ಷರಗಳು. ಆಮೇಲೆ ಅದೂ ಆರಿ, ಕಂಪ್ಯೂಟರ್ ತಾನಾಗಿಯೇ ಮತ್ತೆ ಎದ್ದಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರಂತೆ. ಬರೆದ ನಸುಕು ಎಲ್ಲೂ ಇರಲಿಲ್ಲ.

ಅವಳು ಮತ್ತೆ ಬರೆದಳು. ಮರುದಿನ ಅದೂ ಹೋಯಿತು. ನಾಲ್ಕು ಗೆರೆ ಎಳೆಯುವುದು, ಉಳಿಸುವುದು, ಮತ್ತೆ ನಾಲ್ಕು ಗೆರೆ, ಹೀಗೆ ಕೆಲಸ ಮಾಡಲು ಕಲಿತಳು. ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಅಡುಗೆಮನೆಗೆ ಹೋದಾಗಲೆಲ್ಲ ಮೈದುನ ಸಣ್ಣಗೆ ಏನೋ ಗುನುಗುತ್ತ ತರಕಾರಿ ತೊಳೆಯುತ್ತಿರುತ್ತಿದ್ದ, ಇಲ್ಲವೇ ಬ್ರೆಡ್ಡಿನ ಮೇಲೆ ಬೆಣ್ಣೆ ಧಾರಾಳವಾಗಿ ಸವರುತ್ತಿರುತ್ತಿದ್ದ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಬಿಸಿ ತುಪ್ಪದಂಥ ಮಾತು. ಅವಳು ಒಂದು ಲೋಟ ನೀರು ಕುಡಿದು ವಾಪಸು ಬರುತ್ತಿದ್ದಳು. ದಿನಗಳು ಮಂಜಿನೊಳಗೆ ನಡೆದಂತೆ ಹೋದವು. ಕಳೆದುಹೋದ ಆಕಾಶಗಳು ಅವಳಿಗೆ ಕನಸಿನಲ್ಲಿ ಬರತೊಡಗಿದವು. ಕನಸಿನಲ್ಲಿ ಅವು ಇನ್ನೂ ಚೆನ್ನಾಗಿದ್ದವು. ಎದ್ದ ಮೇಲೆ ಆ ಬಣ್ಣ ನೆನಪಿಗೆ ಬರುತ್ತಿರಲಿಲ್ಲ.

ಗುಟ್ಟು ಒಡೆದದ್ದು ಅಜ್ಜಿಯಿಂದ. ಅಂದು ಸಂಜೆಯ ಊಟಕ್ಕೆ ಎಲ್ಲರೂ ಕೂತಿದ್ದರು. ಅಜ್ಜಿಗೆ ಸೊಸೆಯನ್ನು ಹೊಗಳುವ ಹುಕಿ ಬಂದಿತ್ತು. ಮಧ್ಯಾಹ್ನ ಚಹಾ ಕೊಡಲು ಹೋದಾಗ ನೋಡಿದ ಆಕಾಶ ತನಗೆ ಬಹಳ ಹಿಡಿಸಿತು, ಒಂದು ಚೂರೂ ಮೋಡವಿಲ್ಲದ ಅಚ್ಚ ನೀಲಿ, ಇಷ್ಟು ವರ್ಷಕ್ಕೆ ಅರ್ಥವಾಗುವಂಥ ಒಂದು ಚಿತ್ರ ಬರೆದಳು ಎಂದಳು.

"ಆದ್ರೆ ಮಧ್ಯದಲ್ಲಿ ಆ ಬಿಳಿ ಅಕ್ಷರ ಯಾಕೆ ಹಾಕಿದ್ದೀಯ? ಬಾತುಕೋಳಿಗೆ ಓದೋಕೆ ಬರುತ್ತಾ?"

ಸೊಸೆ ಏನೋ ಹೇಳುವ ಮೊದಲೇ ಸೂಜಿ ಬಾಯಿ ಬಿಟ್ಟಳು. "ಅದು ಆಕಾಶ ಅಲ್ಲ ಅಜ್ಜಿ. ಕಂಪ್ಯೂಟರ್ ಕೆಟ್ಟು ನಿಂತ್ರೆ ಹಾಗೆ ಬರುತ್ತೆ. ಚಿಕ್ಕಪ್ಪ ಮೆಮೊರಿ ಹಾಕಿದ ಮೇಲೆ ಅಮ್ಮಂಗೆ ದಿನಾ ಬರುತ್ತೆ."

ಚಿಕ್ಕವನ ಚಮಚ ತಟ್ಟೆಯಲ್ಲಿ ನಿಂತಿತು. ಯಾವಾಗಿನಿಂದ ಎಂದು ಅವನು ಅತ್ತಿಗೆಯನ್ನು ಕೇಳಿದ. ಅವಳು ಮೊದಲ ದಿನದಿಂದ ಎಂದಳು. ದೊಡ್ಡವನು ಆಗಷ್ಟೇ ನಿದ್ದೆಯಿಂದ ಎದ್ದವನು, ಮುಖ ಇನ್ನೂ ಊದಿಕೊಂಡಿತ್ತು, ಕೆಲಸಕ್ಕೆ ಹೊರಡುವ ಅವಸರ ಬೇರೆ. ನಾಳೆಯೇ ಅದನ್ನು ಕಿತ್ತು ಬಿಸಾಕಿ, ಮೊದಲಿನಂತೆ ಮಾಡಿ ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು.

"ಕೆಲಸ ಇಲ್ಲದವನ ಕೈಗೆ ಸ್ಕ್ರೂಡ್ರೈವರ್ ಕೊಟ್ರೆ ಹೀಗೇ ಆಗೋದು."

ಅಜ್ಜಿ ಹಿರಿಮಗನಿಗೆ ಏನೂ ಅನ್ನಲಿಲ್ಲ, ಸೊಸೆಯ ಮೇಲೆ ತಿರುಗಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅವಳ ಹಳೆಯ ಪದ್ಧತಿ. ಒಂದು ಮಾತು ಆಡಲು ನಾಲಿಗೆ ಇರಲಿಲ್ಲವೇ, ತನ್ನ ಮಗನೇನು ತೊಟ್ಟಿಲ ಮಗುವೇ, ಅವನ ಬೆನ್ನ ಹಿಂದೆ ನಗುತ್ತ ಕೂತಿದ್ದೆಯಾ ಎಂದೆಲ್ಲ ಕೇಳಿದಳು. ಸೊಸೆ ತಾನು ನಕ್ಕಿಲ್ಲ ಎಂದಷ್ಟೇ ಹೇಳಿದಳು.

ಚಿಕ್ಕವನು ಎದ್ದು ನಿಂತಿದ್ದ. "ಅಮ್ಮ, ಬಿಡು. ಅಣ್ಣ ಅಂದಿದ್ದೂ ಪರವಾಗಿಲ್ಲ, ಅವನು ಮುಖದ ಮೇಲೆ ಅಂದ." ಆಮೇಲೆ ಅತ್ತಿಗೆಯ ಕಡೆ ನೋಡದೆ ಹೇಳಿದ. "ನೀವು ಬೈದಿದ್ರೆ ನಾನು ಸರಿ ಮಾಡ್ತಿದ್ದೆ ಅತ್ತಿಗೆ. ನೀವು ನನಗೆ ಅಷ್ಟೂ ಹೇಳಲಿಲ್ಲ."

ಮರುದಿನ ಬೆಳಿಗ್ಗೆ ಅವನು ಹೊಸ ಪಟ್ಟಿಯನ್ನು ತೆಗೆದು, ತಂದಿದ್ದ ಪೊಟ್ಟಣದಲ್ಲೇ ಹಾಕಿಕೊಂಡು ಅಂಗಡಿಗೆ ಹೋದ. ಅಂಗಡಿಯವನು ತನ್ನ ಕಂಪ್ಯೂಟರಿಗೆ ಅದನ್ನು ಹಾಕಿ, ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಓಡಿಸಿ, ಇದು ಕಲ್ಲಿನ ಹಾಗಿದೆ, ನಿಮ್ಮ ಮನೆಯ ಕರೆಂಟೇ ಸರಿಯಿಲ್ಲ ಎಂದು ವಾಪಸು ಕೊಟ್ಟ. ಚಿಕ್ಕವನು ಅದನ್ನು ತಂದು ಅಡುಗೆಮನೆಯ ಡ್ರಾಯರಿನಲ್ಲಿ, ಚಾಕು ಚಮಚಗಳ ಪಕ್ಕ ಎಸೆದ. ಆಮೇಲೆ ಅವನು ನಡುಮನೆಗೆ ಕಾಲಿಡುವುದನ್ನೇ ಬಿಟ್ಟ. ಊಟ ಮತ್ತೆ ಎಲ್ಲರ ನಂತರ. ಗುನುಗು ನಿಂತಿತು. ಸೊಸೆ ಅಗಲದ ಆಕಾಶವನ್ನು ತುಂಡು ತುಂಡಾಗಿ ಬರೆಯಲು ಕೂತಳು. ಮೊದಲಿನ ಹಾಗೆ ನಿಧಾನವಾಗಿ, ಆದರೆ ನೆಮ್ಮದಿಯಾಗಿ ಎಂದುಕೊಂಡಳು.

ಆ ವಾರವೇ, ಬಿಸಿಲು ನೆಲದ ಮೇಲೆ ಚಾಪೆಯ ಹಾಗೆ ಬಿದ್ದಿದ್ದ ಒಂದು ಮಧ್ಯಾಹ್ನ, ತುಂಡುಗಳನ್ನು ಜೋಡಿಸಲು ಹೊರಟಾಗ, ತೆರೆ ಮತ್ತೆ ನೀಲಿಯಾಯಿತು.

ಸೊಸೆ ಕೈ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದಳು. ಹಳೆಯ ಅಭ್ಯಾಸದಂತೆ ಬಾಗಿಲ ಕಡೆ ತಿರುಗಿ ಯಾರಾದರೂ ಕಂಡರೇ ಎಂದೂ ನೋಡಿದಳು. ಯಾರೂ ಇರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಅವಳು ಎದ್ದು ಮಹಡಿಗೆ ಹೋದಳು. ಮೈದುನ ಒಣಗಿದ ಹೊದಿಕೆಗಳನ್ನು ತಂತಿಯಿಂದ ತೆಗೆಯುತ್ತಿದ್ದ. ಬಿಳಿಯ ಬಟ್ಟೆಗಳ ನಡುವೆ ಅವನ ಕಾಲು ಮಾತ್ರ ಕಾಣುತ್ತಿತ್ತು.

"ಮತ್ತೆ ನಿಂತಿತು" ಎಂದಳು ಬಟ್ಟೆಯ ಈಚೆಯಿಂದ.

ಅವನ ಕಾಲು ಮುಂದಿನ ಹೊದಿಕೆಯ ಕಡೆ ಸರಿಯಿತು.

"ನಿಂದು ಡ್ರಾಯರಲ್ಲಿದೆ. ಆದ್ರೂ ನಿಂತಿತು. ಕೆಳಗೆ ಬಂದು ನೋಡು. ನನಗೆ ಇದು ಗೊತ್ತಾಗಲ್ಲ, ಇನ್ನೊಬ್ಬರನ್ನ ಕರೆಯೋಕೂ ನನಗಿಷ್ಟ ಇಲ್ಲ."

ಅವನು ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡು, "ನಡೀರಿ" ಎಂದ.

ಅಲ್ಲಿಂದ ಮುಂದಿನ ದಿನಗಳು ಆ ಮನೆಯಲ್ಲಿ ವಿಚಿತ್ರವಾಗಿ ಕಳೆದವು. ಬಾಗಿಲಾಚೆ ದೊಡ್ಡವನು ಮಲಗಿರುವುದರಿಂದ ಅತ್ತಿಗೆ ಮೈದುನ ಇಬ್ಬರೂ ಬಿಚ್ಚಿದ ಕಂಪ್ಯೂಟರಿನ ಮುಂದೆ ಮೊಣಕಾಲೂರಿ, ನೀರೊಳಗಿನ ಮೀನುಗಳ ಹಾಗೆ ತುಟಿಯಾಡಿಸುತ್ತಿದ್ದರು. ಒಂದು ಪಟ್ಟಿ ಇದ್ದಾಗ ಏನಾಗುತ್ತದೆ, ಇನ್ನೊಂದು ಇದ್ದಾಗ ಏನಾಗುತ್ತದೆ ಎಂದು ಬೇರೆಬೇರೆಯಾಗಿ ನೋಡದೆ ಯಾರ ಮೇಲೂ ತಪ್ಪು ಹೊರಿಸಬಾರದು ಎಂದು ಚಿಕ್ಕವನು ಹೇಳಿದ. ಒಳಗೆ ಕೈ ಹಾಕುವ ಮುನ್ನ ಪ್ರತಿ ಸಲ ಕಬ್ಬಿಣದ ಚೌಕಟ್ಟನ್ನು ಮುಟ್ಟುತ್ತಿದ್ದ, ಮೈಯಲ್ಲಿರುವ ಕರೆಂಟು ಇಳಿಯಲಿ ಎಂದು. ಹಳೆಯ ಪಟ್ಟಿ ಸರಿಯಾಗಿ ಕೂತಿಲ್ಲವೇನೋ ಎಂದು ಮೊದಲು ಅದನ್ನು ತೆಗೆದು, ಸೂಜಿಯ ಪೆನ್ಸಿಲ್ ರಬ್ಬರಿನಿಂದ ಚಿನ್ನದ ಹಲ್ಲುಗಳನ್ನು ಉಜ್ಜಿ, ಮತ್ತೆ ಕೂರಿಸಿದರು. ಒಂದು ದಿನ ಸುಮ್ಮನಿತ್ತು. ಮರುದಿನ ನೀಲಿ.

ಆಮೇಲೆ ಅವನು ಪೆನ್ ಡ್ರೈವಿನಲ್ಲಿ ಒಂದು ಪರೀಕ್ಷೆಯ ಪ್ರೋಗ್ರಾಂ ತಂದ. ಅದು ಮೆಮೊರಿಯ ಪ್ರತಿಯೊಂದು ಗೂಡಿಗೂ ಏನೋ ಇಟ್ಟು, ಮತ್ತೆ ತೆಗೆದು, ಇಟ್ಟದ್ದೇ ಇದೆಯೇ ಎಂದು ನೋಡುತ್ತ ಹೋಗುತ್ತಿತ್ತು. ಎಲ್ಲವೂ ಸರಿಯಿದ್ದರೆ ಅಂಕಿಗಳು ಸುಮ್ಮನೆ ಓಡುತ್ತವೆ, ತಪ್ಪಿದ್ದರೆ ಕೆಂಪು ಸಾಲು ಬೀಳುತ್ತದೆ. ಒಂದು ಪಟ್ಟಿಗೆ ಒಂದು ಸ್ಲಾಟಿನಲ್ಲಿ ಒಂದಿಡೀ ಹಗಲು ಬೇಕು. ಅಷ್ಟು ಹೊತ್ತು ಕಾಯುವವರು ಯಾರು ಎಂದಾಗ ಅಜ್ಜಿ ಬಟಾಣಿಯ ಬುಟ್ಟಿ ಎತ್ತಿಕೊಂಡು ಬಂದು ಕುರ್ಚಿ ಎಳೆದು ಕೂತಳು. ಕೆಂಪು ಕಂಡರೆ ಕರೆಯಬೇಕು, ಅಷ್ಟೇ ತಾನೆ, ಹಾಲು ಉಕ್ಕುವುದನ್ನು ಕಾದವಳಿಗೆ ಇದೇನು ದೊಡ್ಡದಲ್ಲ ಎಂದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬಟಾಣಿ ಸುಲಿದು ಮುಗಿದ ಮೇಲೆ ಸಿಪ್ಪೆಯನ್ನೂ ಸುಲಿದಳು.

ಕಂಪ್ಯೂಟರ್ ಪರೀಕ್ಷೆಗೆ ಕೂತರೆ ಸೊಸೆಗೆ ಕೆಲಸವಿಲ್ಲ. ಸ್ಟುಡಿಯೋಗೆ ಚಿತ್ರ ಕೊಡುವ ದಿನ ಮಾತ್ರ ಹತ್ತಿರವಾಗುತ್ತಿತ್ತು. ಅವಳು ಕಿಟಕಿಯ ಬಳಿ ಬೆರಳು ಹಿಸುಕುತ್ತ ನಿಲ್ಲುವುದನ್ನು ಒಂದು ದಿನ ನೋಡಿದ ಚಿಕ್ಕವನು, ಮರುದಿನ ಮುಚ್ಚಿದ ಕಾರ್ಖಾನೆಯ ಕಾವಲುಗಾರನ ಬಳಿ ಹೋಗಿ, ಮಾತಾಡಿಸಿ, ಹಾಸಿಗೆಯ ಅಳತೆ ಬರೆದುಕೊಳ್ಳುವ ದಪ್ಪ ಕಾಗದದ ಒಂದು ಸುರುಳಿಯನ್ನು ಹೆಗಲ ಮೇಲೆ ಹೊತ್ತು ತಂದ. ಮನುಷ್ಯನಿಗಿಂತ ಎತ್ತರದ ಸುರುಳಿ. ಇಷ್ಟುದ್ದದ ಕಾಗದಕ್ಕೆ ಮೆಮೊರಿ ಬೇಡ ಅತ್ತಿಗೆ ಎಂದ. ಅದು ಅವನು ಆ ವಾರದಲ್ಲಿ ಆಡಿದ ಮೊದಲ ತಮಾಷೆ.

ಅವಳು ಕೈಯಲ್ಲಿ ಕುಂಚ ಹಿಡಿದು ವರ್ಷಗಳೇ ಆಗಿದ್ದವು. ಸೂಜಿಯ ಶಾಲೆಯ ಬಣ್ಣದ ಡಬ್ಬಿ, ಬಟ್ಟಲು, ಹಳೆಯ ಸ್ಪಂಜು, ಗೋಡೆಗೆ ಹಚ್ಚುವ ಅಗಲದ ಬ್ರಷ್ಷು, ಎಲ್ಲವೂ ಬಂದವು. ಕಾಗದವನ್ನು ಮುಂಬಾಗಿಲಿನಿಂದ ನಡುಮನೆ ದಾಟಿ ಅಡುಗೆಮನೆಯ ಹೊಸ್ತಿಲವರೆಗೆ ಹಾಸಿದರು. ನಸುಕು ಚಪ್ಪಲಿ ಬಿಡುವ ಜಾಗದಲ್ಲಿ ಶುರುವಾಯಿತು. ಇಷ್ಟು ಸಲ ಬರೆದು ಕಳೆದುಕೊಂಡ ಬಣ್ಣವನ್ನು ಅವಳು ಈ ಸಲ ಹುಡುಕಲಿಲ್ಲ, ಅದು ಅವಳ ಮಣಿಕಟ್ಟಿನಲ್ಲೇ ಇತ್ತು. ಒದ್ದೆ ಕಾಗದದ ಮೇಲೆ ಬೂದು ಹರಿದು, ಅದರ ಅಡಿಯಿಂದ ಕೆಂಪು ತಾನಾಗಿ ಎದ್ದಿತು. ಮನೆಯವರು ಗೋಡೆಗೆ ಬೆನ್ನು ಒತ್ತಿಕೊಂಡು ಆಕಾಶದ ಅಂಚಿನಲ್ಲಿ ನಡೆದಾಡಿದರು. ಅಡುಗೆಮನೆಯಿಂದ ತಟ್ಟೆಗಳು ಕೈಯಿಂದ ಕೈಗೆ ಬಂದವು. ಒಮ್ಮೆ ದೊಡ್ಡವನು ನಿದ್ದೆಗಣ್ಣಿನಲ್ಲಿ ನೀರು ಕುಡಿಯಲು ಎದ್ದು ಬಂದವನು, ಬಾಗಿಲಲ್ಲೇ ನಿಂತು ನೆಲ ನೋಡಿದ. ಒಂದು ಕಾಲೆತ್ತಿ, ಎಲ್ಲಿಡಬೇಕೆಂದು ತಿಳಿಯದೆ, ನೀರು ಕುಡಿಯದೆಯೇ ಹೋಗಿ ಮಲಗಿದ. ಸಂಜೆ ಎದ್ದು, ತನಗೊಂದು ಕನಸು ಬಿದ್ದಿತ್ತು ಎಂದು ಹೇಳತೊಡಗಿದ. ಸೂಜಿ ನಕ್ಕು ನಕ್ಕು ಸುಸ್ತಾದಳು.

ಹೊಸ ಪಟ್ಟಿಯ ಪರೀಕ್ಷೆ ಎರಡೂ ಸ್ಲಾಟಿನಲ್ಲಿ ಮುಗಿಯಿತು. ಒಂದೂ ಕೆಂಪು ಇಲ್ಲ. ಸ್ಲಾಟುಗಳು ಸರಿ, ಹೊಸದು ಸರಿ ಎಂದು ಚಿಕ್ಕವನು ಹೇಳಿದ, ಆದರೆ ಮುಖ ಗೆಲುವಾಗಲಿಲ್ಲ. ಕೊನೆಗೆ ಹಳೆಯದನ್ನು ಒಂಟಿಯಾಗಿ ಕೂರಿಸಿ ಓಡಿಸಿದರು. ಸೊಸೆ ಮಧ್ಯಾಹ್ನದ ಆಕಾಶವನ್ನು ಮುಗಿಸಿ, ಕಿತ್ತಳೆ ಬಣ್ಣ ಕಲಸುತ್ತಿದ್ದಳು.

"ಬಂತು" ಎಂದಳು ಅಜ್ಜಿ ಕುರ್ಚಿಯಿಂದ. ಕರೆಯಬೇಕಾದದ್ದು ಪಿಸುಗುಟ್ಟಿದ ಹಾಗೆ ಬಂತು. "ಕೆಂಪು ಬಂತು. ಒಂದಲ್ಲ, ಸಾಲು ಸಾಲಾಗಿ ಬರ್ತಿದೆ."

ಮೂವರೂ ತೆರೆಯ ಮುಂದೆ ಸೇರಿದರು. ಕಪ್ಪಿನ ಮೇಲೆ ಕೆಂಪು ಗೆರೆಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ಇನ್ನೊಂದು ಸ್ಲಾಟಿಗೆ ಹಾಕಿದರೂ ಅದೇ. ಅಜ್ಜಿಗೆ ಗೆದ್ದಷ್ಟು ಖುಷಿ. ತನ್ನ ಮಗ ತಂದದ್ದು ಚಿನ್ನ ಎಂದು ತಾನು ಮೊದಲೇ ಹೇಳಿದ್ದೆ ಎಂದಳು. ಅವಳು ಹಾಗೆ ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಚಿಕ್ಕವನು ಮಾತ್ರ ನೆಲದ ಮೇಲೆ ಕುಕ್ಕರಿಸಿದ.

"ನಾನೇ ಕೆಡಿಸಿದೆನೇನೋ ಅತ್ತಿಗೆ. ಆವತ್ತು ಒರೆಸೋಕೆ ಅಂತ ಅದನ್ನ ಎತ್ತಿದ್ದೆ. ಚೌಕಟ್ಟು ಮುಟ್ಟಿರಲಿಲ್ಲ. ಉಣ್ಣೆಯ ಅಂಗಿ ಬೇರೆ ಹಾಕಿದ್ದೆ. ಮೈಯಿಂದ ಒಂದು ಕಿಡಿ ಹಾರಿದ್ರೆ ಸಾಕು, ಕಣ್ಣಿಗೂ ಕಾಣಲ್ಲ."

ಸೊಸೆ ಕುಂಚವನ್ನು ಬಟ್ಟಲಿನಲ್ಲಿಟ್ಟಳು. ಆ ಕೆಂಪು ಸಾಲುಗಳನ್ನು ನೋಡುತ್ತಿದ್ದಂತೆ ಅವಳಿಗೆ ಏನೋ ಹೊಳೆದಿತ್ತು.

"ಇಲ್ಲ" ಎಂದಳು. "ನೀನು ಮುಟ್ಟೋಕೆ ಮುಂಚೇನೇ ಅದು ಎರಡು ಸಲ ನೀಲಿಯಾಗಿತ್ತು. ದೊಡ್ಡ ಚಿತ್ರ ತೆರೆದಾಗ. ಜಾಗ ಸಾಲದೆ ಹಾಗಾಯ್ತು ಅಂತ ನಾನೇ ಅಂದ್ಕೊಂಡೆ. ಅದಕ್ಕೇ ಆವತ್ತು ಅಡುಗೆಮನೇಲಿ ಹಾಗಂದಿದ್ದು. ನೀನು ತಂದದ್ದು ಆ ಮಾತಿಗೆ."

ಅವನು ಅವಳ ಮುಖ ನೋಡಿದ. "ಮೊದಲೇ ಯಾಕೆ ಹೇಳಲಿಲ್ಲ?"

"ಹೊಸದನ್ನ ಬೈಯೋದು ಸುಲಭ ಅಲ್ವಾ. ಹಳೇದರ ಮೇಲೆ ನನಗೆ ಅನುಮಾನವೇ ಬರಲಿಲ್ಲ."

ಅವನು ಭುಜ ಕುಲುಕಿಸಿ ನಗತೊಡಗಿದ. ಅಣ್ಣ ಮಲಗಿದ್ದರಿಂದ ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಹಾಸಿಗೆಯ ಮೂಲೆಯಲ್ಲಿ ಒಂದು ಸ್ಪ್ರಿಂಗ್ ಮುರಿದಿದ್ದರೆ ನಡುವೆ ಮುದುಡಿ ಮಲಗುವವರಿಗೆ ಗೊತ್ತೇ ಆಗುವುದಿಲ್ಲ, ಕೈಕಾಲು ಚಾಚಿದ ದಿನ ಚುಚ್ಚುತ್ತದೆ ಎಂದ. ಇಷ್ಟು ವರ್ಷ ನೀವು ಸಣ್ಣ ಸಣ್ಣ ಆಕಾಶ ಬರೆದಿರಿ ಎಂದ.

ಬಾಗಿಲು ತೆರೆದು ದೊಡ್ಡವನು ಬಂದ. ಹೊರಗಿನ ಮಾತಿಗಿಂತ ಆ ಸದ್ದಿಲ್ಲದ ನಗುವೇ ಅವನನ್ನು ಎಬ್ಬಿಸಿತ್ತು. ಕಾಗದದ ಅಂಚಿನಲ್ಲಿ ಜೋಪಾನವಾಗಿ ಹೆಜ್ಜೆಯಿಟ್ಟು ಬಂದು, ತೆರೆಯ ಮೇಲಿನ ಕೆಂಪನ್ನು ನೋಡಿ, ಯಾವುದು ಕೆಟ್ಟದ್ದು ಎಂದು ಕೇಳಿದ. ಹಳೆಯದು ಎಂದಳು ಹೆಂಡತಿ. ಮದುವೆಯಾದ ಹೊಸತರಲ್ಲಿ ಅವಳಿಗೆ ಆ ಕಂಪ್ಯೂಟರನ್ನು ಒಂದೊಂದೇ ಭಾಗ ಆರಿಸಿ ಕೊಡಿಸಿದವನು ಅವನೇ.

"ಅಂದ್ರೆ ನಾನು ಹಾಕಿಸಿದ್ದು" ಎಂದ. ಅವನು ತಮ್ಮನ ಪಕ್ಕ ನೆಲದ ಮೇಲೆ ಕೂತು, ಕಣ್ಣುಜ್ಜಿಕೊಂಡ. "ಆವತ್ತು ಊಟದ ಹೊತ್ತಲ್ಲಿ ಒಂದು ಮಾತು ಅಂದೆ. ಅನ್ನಬಾರದಿತ್ತು. ಈಗ ಬೈಯೋ ಸರದಿ ನಿಂದು."

"ನೀನಿನ್ನೂ ಅರೆನಿದ್ದೇಲಿದ್ದೀಯ ಅಣ್ಣ. ಪೂರ್ತಿ ಎಚ್ಚರ ಆಗಲಿ, ಬೈತೀನಿ."

ಹಳೆಯ ಪಟ್ಟಿ ಹೊರಗೇ ಉಳಿಯಿತು. ಹೊಸದೊಂದೇ ಅದರ ಕೆಲಸವನ್ನೆಲ್ಲ ಹೊತ್ತಿತು. ಸೊಸೆ ಕಾಗದದ ಆಕಾಶವನ್ನು ಮುಸ್ಸಂಜೆಯವರೆಗೆ ಬರೆದು ಮುಗಿಸಿದಳು. ಚಿಕ್ಕವನು ಸ್ಟೂಲಿನ ಮೇಲೆ ನಿಂತು ಅದನ್ನು ತುಂಡು ತುಂಡಾಗಿ ಫೋಟೋ ತೆಗೆದ. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ, ಬೆಸುಗೆ ಕಾಣದಂತೆ ತಿದ್ದುವುದಕ್ಕೆ ಅವಳು ಹಗಲೆಲ್ಲ ಕೂತಳು. ಆ ದಿನಗಳಲ್ಲಿ ಅಡುಗೆ ಚಿಕ್ಕವನದು. ಅನ್ನ ಒಂದು ದಿನ ಮುದ್ದೆಯಾದರೆ ಒಂದು ದಿನ ಕಾಳು ಕಾಳು. ಅಜ್ಜಿ ಎರಡನ್ನೂ ಹೊಗಳಿದಳು. ಎಲ್ಲ ತೆರೆದಿಟ್ಟರೂ ಕಂಪ್ಯೂಟರ್ ಒಮ್ಮೆಯೂ ನೀಲಿಯಾಗಲಿಲ್ಲ. ಕೊಡಬೇಕಾದ ದಿನ ಚಿತ್ರ ಸ್ಟುಡಿಯೋಗೆ ಹೋಯಿತು. ಮುಖ್ಯಸ್ಥೆ ಫೋನು ಮಾಡಿ, ಬೆಳಗು ಎಲ್ಲಿ ಮುಗಿಯಿತೆಂದು ತನಗೆ ಗೊತ್ತಾಗಲಿಲ್ಲ ಎಂದಳು. ಮುಂದಿನ ಕತೆ ಮೀನುಗಳದು, ಆದರೂ ಆಕಾಶ ಬೇಕಾಗುತ್ತದೆ, ನೀವೇ ಬರೆಯಿರಿ ಎಂದಳು.

ಚಿಕ್ಕವನಿಗೆ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಎರಡು ಕಡೆ ಕೇಳಿ ಬಂದಿದ್ದ, ಒಂದು ಕಡೆ ಮತ್ತೆ ಬಾ ಎಂದಿದ್ದರು. ಮನೆಯಲ್ಲಿ ಉಳಿದಿದ್ದ ಪ್ರಶ್ನೆ ಆ ಕಾಗದದ್ದು. ಅಷ್ಟುದ್ದದ ಗೋಡೆ ಆ ಮನೆಯಲ್ಲಿರಲಿಲ್ಲ. ಸುತ್ತಿ ಅಟ್ಟಕ್ಕೆ ಹಾಕೋಣ ಎಂದಳು ಅಜ್ಜಿ.

ಬೆಳಿಗ್ಗೆ ಕೆಲಸದಿಂದ ಬಂದ ದೊಡ್ಡವನು, ಬ್ರೆಡ್ಡಿನ ಪೊಟ್ಟಣ ಮೇಜಿನ ಮೇಲಿಟ್ಟು, ಅದು ತನಗೆ ಬೇಕು ಎಂದ. ತಾನು ಹಗಲಿನ ಆಕಾಶವನ್ನು ಸರಿಯಾಗಿ ನೋಡಿ ಎಷ್ಟು ವರ್ಷವಾಯಿತೋ ಗೊತ್ತಿಲ್ಲ, ತನ್ನ ಕೋಣೆಯ ಮೇಲ್ಛಾವಣಿಗೆ ಹಾಕಿ ಎಂದ. ಆ ಕೋಣೆಗೂ ಅದು ಉದ್ದವೇ. ಒಂದು ಗೋಡೆಯ ಅರ್ಧದಿಂದ ಹತ್ತಿಸಿ, ಛಾವಣಿಯ ಮೇಲೆ ಹಾಯಿಸಿ, ಎದುರು ಗೋಡೆಯಲ್ಲಿ ಇಳಿಸಬೇಕಾಯಿತು. ಸುತ್ತಿಗೆಯ ಸದ್ದು ಬೇಡವೆಂದು ಚಿಕ್ಕವನು ಏಣಿ ಹತ್ತಿ, ಹೆಬ್ಬೆರಳಿನಿಂದ ಒಂದೊಂದೇ ಪಿನ್ನು ಒತ್ತುತ್ತ ಹೋದ. ಸೂಜಿ ಪಿನ್ನು ಎತ್ತಿಕೊಟ್ಟಳು. ಸೊಸೆ ಕೆಳಗಿನಿಂದ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ದೊಡ್ಡವನು ಹಾಸಿಗೆಯಲ್ಲಿ ಅಂಗಾತ ಮಲಗಿ, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಹೇಳುತ್ತಿದ್ದ.

"ಬೆಳಗು ಯಾವ ಕಡೆ ಬರಲಿ?" ಎಂದು ತಮ್ಮ ಮೇಲಿನಿಂದ ಕೇಳಿದ.

"ಕಾಲಿನ ಕಡೆ. ಎದ್ದ ತಕ್ಷಣ ಕಣ್ಣಿಗೆ ಬೀಳಲಿ."

"ನೀವು ಏಳೋದು ಸಂಜೆಗೆ" ಎಂದಳು ಹೆಂಡತಿ.

"ನನಗೆ ಅದೇ ಬೆಳಗು."

ಮಧ್ಯಾಹ್ನದ ಭಾಗ ಛಾವಣಿಗೆ ಅಂಟುವಷ್ಟರಲ್ಲಿ ಎಡಕ್ಕೆ ಬಲಕ್ಕೆ ಎನ್ನುವ ದನಿ ನಿಂತಿತ್ತು. ನೋಡಿದರೆ ಅವನಿಗೆ ನಿದ್ದೆ ಹತ್ತಿತ್ತು, ಬಾಯಿ ಕೊಂಚ ತೆರೆದಿತ್ತು. ಉಳಿದ ಸಂಜೆಯನ್ನು ಅವರು ಉಸಿರು ಬಿಗಿಹಿಡಿದು ಅವನ ತಲೆಯ ಮೇಲೆ ಹಾದು, ಗೋಡೆಗೆ ಇಳಿಸಿದರು. ಚಿಕ್ಕವನು ಬರಿಗಾಲಿನಲ್ಲಿ ಏಣಿಯಿಂದ ಇಳಿದ. ಸೊಸೆ ರೂಢಿಯಂತೆ ಹೋಗಿ ಕಿಟಕಿಯ ಪರದೆ ಎಳೆದಳು. ಕೋಣೆ ಕತ್ತಲಾಯಿತು, ಚಿತ್ರ ಕಾಣದಾಯಿತು. ಅವಳು ಒಂದು ಕ್ಷಣ ನಿಂತು, ಪರದೆಯನ್ನು ಒಂದು ಗೇಣಿನಷ್ಟು ಮತ್ತೆ ಸರಿಸಿದಳು. ಬೆಳಕಿನ ಪಟ್ಟೆ ಮೇಲೆ ಹೋಗಿ ಆಕಾಶದ ನಡುವೆ ಬಿತ್ತು.

"ಎಚ್ಚರಾಗಿಬಿಡ್ತಾನೆ ಕಣೇ" ಎಂದು ಅಜ್ಜಿ ಬಾಗಿಲಿನಿಂದ ಪಿಸುಗುಟ್ಟಿದಳು.

ಅವನಿಗೆ ಎಚ್ಚರವಾಗಲಿಲ್ಲ.